ಟ್ಯಾಂಟಿ ಹೆಸ್ಟರ್ ಒತ್ತಿದ ಗುಂಡಿಗಳು

ಪರಿಸರ ಸಂರಕ್ಷಣಾ ಸಂಸ್ಥೆಯ ನಾಲ್ಕು ಜೀಪುಗಳು ಒಂದೇ ಮಧ್ಯಾಹ್ನ ಒಂದೇ ಗೇಟಿನ ಮುಂದೆ ಮೂತಿಗೆ ಮೂತಿ ತಾಗಿಸಿಕೊಂಡು ನಿಂತದ್ದನ್ನು ಕ್ಯಾಶ್ಯೂ ಲೇನಿನ ಜನ ಈಗಲೂ ನೆನೆಸಿಕೊಂಡು ನಗುತ್ತಾರೆ. ಆ ನಾಲ್ಕರಲ್ಲಿ ಒಂದು ನನ್ನದು.

ನನ್ನ ಹೆಸರು ಜಗ್‌ರೂಪ್. ಸಂಸ್ಥೆಯ ಗಾಳಿ ವಿಭಾಗದಲ್ಲಿ ಇನ್‌ಸ್ಪೆಕ್ಟರ್. ನಮ್ಮ ದ್ವೀಪದ ರಾಜಧಾನಿ ಪೋರ್ಟ್ ಆಫ್ ಸ್ಪೇನಿನ ಕಚೇರಿಯಲ್ಲಿ ಆಗ ಗಾಳಿಗೆ ಒಂದು ಮಹಡಿ, ನೀರಿಗೆ ಒಂದು ಮಹಡಿ, ಕಸಕ್ಕೆ ಒಂದು ಮಹಡಿ. ಕಾಡುಪ್ರಾಣಿಯವರು, ಪರವಾನಗಿಯವರು, ವಕೀಲರು ಎಲ್ಲರೂ ತಮ್ಮ ತಮ್ಮ ಬಾಗಿಲು ಹಾಕಿಕೊಂಡು ಕೂತಿರುತ್ತಿದ್ದರು. ಊರಲ್ಲಿ ಯಾರಾದರೂ ಕಪ್ಪು ಹೊಗೆ ಎಬ್ಬಿಸಿದರೆ ನಾನು ಹೋಗಬೇಕು. ಹೊಳೆಗೆ ಎಣ್ಣೆ ಬಿಟ್ಟರೆ ನೀರಿನವರು, ರಾತ್ರೋರಾತ್ರಿ ಕಸ ಸುರಿದರೆ ಕಸದವರು. ಎಲ್ಲರ ಕ್ರಮವೂ ಒಂದೇ: ಮೊದಲು ಮಾತು, ಕೇಳದಿದ್ದರೆ ನೋಟೀಸು, ಅದಕ್ಕೂ ಬಗ್ಗದಿದ್ದರೆ ಕೋರ್ಟು. ಆದರೆ ಒಬ್ಬರು ಏನು ಮಾಡುತ್ತಿದ್ದಾರೆ ಎನ್ನುವುದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗ ಕ್ರಿಕೆಟ್ ಮಾತಾಡಿ ಇಳಿದುಹೋಗುತ್ತಿದ್ದೆವು.

ಎಲ್ಲಕ್ಕಿಂತ ಚಿಕ್ಕದು ಸದ್ದಿನ ವಿಭಾಗ. ಅದಕ್ಕೆ ಮಹಡಿಯಿರಲಿ, ಸರಿಯಾದ ಕೋಣೆಯೂ ಇರಲಿಲ್ಲ. ಹಳೆ ಫ್ಯಾನುಗಳನ್ನು ಪೇರಿಸಿಟ್ಟ ಉಗ್ರಾಣದ ಪಕ್ಕ ಒಂದು ಮೇಜು, ಆ ಮೇಜಿನ ಹಿಂದೆ ಅರ್ಸುಲಾ ಪಿಯರ್. ಮೂವತ್ತರ ಆಸುಪಾಸಿನ ಹುಡುಗಿ, ಮಾತು ಕಡಿಮೆ, ನಗು ಬೇಗ. ನಮ್ಮ ದೇಶದಲ್ಲಿ ಸದ್ದು ಅಳೆಯುವ ಕೆಲಸವೆಂದರೆ ಸಮುದ್ರದಲ್ಲಿ ಒದ್ದೆ ಹುಡುಕುವ ಕೆಲಸ ಎಂದು ನಾವೆಲ್ಲ ಅವಳನ್ನು ಗೇಲಿ ಮಾಡುತ್ತಿದ್ದೆವು.

ಆವತ್ತು ನನಗೆ ಬಂದಿದ್ದ ದೂರು ಹೊಗೆಯದು. ಕ್ಯಾಶ್ಯೂ ಲೇನಿನ ಗುಡ್ಡದ ಬುಡದಲ್ಲಿ ಯಾರೋ ಪೀಪಾಯಿ ಸುಡುತ್ತಾರೆ, ಕಿಟಕಿ ತೆರೆಯುವ ಹಾಗಿಲ್ಲ ಅಂತ. ಹೋಗಿ ನೋಡಿದರೆ ಅದು ಸ್ಟೀಲ್ ಪ್ಯಾನ್ ತಂಡದ ಅಂಗಳ. ದೊಡ್ಡ ಹಲಸಿನಂಥ ಬ್ರೆಡ್‌ಫ್ರೂಟ್ ಮರ, ಅದರ ಕೆಳಗೆ ತಗಡಿನ ಚಾವಣಿ, ಚಾವಣಿಯಡಿ ಗಾಲಿ ಹಾಕಿದ ಕಬ್ಬಿಣದ ಚೌಕಟ್ಟುಗಳಲ್ಲಿ ಸಣ್ಣ ಸ್ವರದ ಟೆನರಿನಿಂದ ದಪ್ಪ ಸ್ವರದ ಬೇಸಿನವರೆಗೆ ಸಾಲುಸಾಲು ಪ್ಯಾನುಗಳು. ಎಣ್ಣೆ ಪೀಪಾಯಿಯನ್ನು ಕತ್ತರಿಸಿ, ಮುಖವನ್ನು ಬಡಿದು ತಗ್ಗು ಮಾಡಿ, ಬೆಂಕಿಯಲ್ಲಿ ಕಾಯಿಸಿ, ಮತ್ತೆ ಬಡಿದು ಸ್ವರ ತೆಗೆದರೇ ಅದು ಪ್ಯಾನು. ಸುಡದೆ ಸ್ವರ ಬರುವುದಿಲ್ಲ.

ನಾನು ಜೀಪು ನಿಲ್ಲಿಸುವಾಗ ಕಸ ವಿಭಾಗದ ಮೊದೆಸ್ತ್ ಆಗಲೇ ಗೇಟಿನಲ್ಲಿದ್ದ. ದಪ್ಪ ಮೀಸೆಯ, ಸದಾ ಬೆವರುವ ಮನುಷ್ಯ.

"ನೀನ್ಯಾಕೆ ಇಲ್ಲಿ?" ಅಂದೆ.

"ಖಾಲಿ ಪೀಪಾಯಿ ರಾಶಿ ಹಾಕಿದಾರಂತೆ. ನೀನು?"

"ಪೀಪಾಯಿ ಸುಡ್ತಾರಂತೆ."

ಅಷ್ಟರಲ್ಲಿ ನೀರು ವಿಭಾಗದ ಔದ್ರಿ ಚಿನ್ ಲೋಯ್ ತನ್ನ ಬಾಟಲಿಗಳ ಪೆಟ್ಟಿಗೆ ಹಿಡಿದು ಇಳಿದಳು. "ಪೀಪಾಯಿ ತೊಳೆದ ಎಣ್ಣೆ ನೀರನ್ನ ಚರಂಡಿಗೆ ಬಿಡ್ತಾರಂತೆ" ಎಂದಳು, ನಾವು ಕೇಳುವ ಮೊದಲೇ. ಅವಳ ಹಿಂದೆಯೇ ಅರ್ಸುಲಾಳ ಜೀಪು ಬಂದು, ನಿಲ್ಲಲು ಜಾಗ ಸಾಲದೆ ನನ್ನ ಬಂಪರಿಗೆ ಮುತ್ತಿಟ್ಟು ನಿಂತಿತು. ಅವಳು ಇಳಿದು ನಮ್ಮ ಮೂವರನ್ನೂ ನೋಡಿದಳು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು, ಅಷ್ಟೆ.

ಅಂಗಳದಿಂದ ತಂಡದ ಕ್ಯಾಪ್ಟನ್ ಫಿಟ್ಜ್‌ರಾಯ್ ಹೊರಬಂದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಬಾಗಿಲಿಗಿಂತ ಅಗಲದ ಆಳು. ಸೊಂಟಕ್ಕೆ ಕೈ ಕೊಟ್ಟು ನಾಲ್ಕು ಜೀಪುಗಳನ್ನೂ ಒಂದೊಂದಾಗಿ ನೋಡಿದ.

"ಕಾರ್ನಿವಲ್ ಮೆರವಣಿಗೆಗೆ ಇನ್ನೂ ಟೈಮಿದೆಯಲ್ಲಪ್ಪ. ನೀವು ಈಗಲೇ ಹೊರಟುಬಿಟ್ರಾ?"

ನಾವು ಒಬ್ಬೊಬ್ಬರಾಗಿ ಬಂದ ಕಾರಣ ಹೇಳಿದೆವು. ಅವನು ಗೌರವದಿಂದಲೇ ಕೇಳಿಸಿಕೊಂಡ.

"ಗಾಳಿ, ನೀರು, ಕಸ, ಸದ್ದು. ಸರಿ. ಭೂಕಂಪದೋರು ಹಿಂದೆ ಬರ್ತಿದಾರಾ, ಅಥವಾ ಗೇಟು ಹಾಕ್ಲಾ?"

ಹಿಂದೆ ನಿಂತಿದ್ದ ಹುಡುಗ ಹುಡುಗಿಯರು ಗೊಳ್ಳೆಂದರು. ಆಗ ಅವನ ಕಣ್ಣು ಅರ್ಸುಲಾಳ ಮೇಲೆ ನಿಂತಿತು.

"ತಡಿ ತಡಿ. ನೀನು ಹೊಳೆ ಆಚೆ ಗುಡ್ಡದವಳಲ್ವಾ? ಆ ಕೋರಲ್ ಸ್ಟಾರ್ಸ್ ಪ್ಯಾನ್ ತಂಡದಲ್ಲಿ ಟೆನರ್ ಬಾರಿಸ್ತಿದ್ದೋಳು?"

"ಹೌದು ಕ್ಯಾಪ್ಟನ್. ಈಗ ಬಾರಿಸಲ್ಲ."

"ಈಗ ಬಾರಿಸಲ್ಲ. ಈಗ ನಮ್ಮನ್ನ ನಿಲ್ಲಿಸೋಕೆ ಬಂದಿದೀಯ. ಕಾರ್ನಿವಲ್ ಸ್ಪರ್ಧೆ ಹತ್ರ ಬರ್ತಿದ್ದ ಹಾಗೆ." ಅವನು ತನ್ನ ಜನರ ಕಡೆ ತಿರುಗಿದ. "ನೋಡ್ರೋ, ಕೋರಲ್ ಸ್ಟಾರ್ಸ್‌ನೋರಿಗೆ ಬಾರಿಸಿ ಗೆಲ್ಲೋಕಾಗಲ್ಲ ಅಂತ ಸರ್ಕಾರಿ ನೌಕರಿ ಹಿಡಿದಿದಾರೆ."

ಅರ್ಸುಲಾ ಕೆಂಪಾದಳು. ಆದರೆ ಸೋಲಲಿಲ್ಲ. "ಹೋದ ವರ್ಷ ನಾವು ನಿಮಗಿಂತ ಮುಂದಿದ್ವಿ, ಕ್ಯಾಪ್ಟನ್. ಆಗಲೂ ನಾನು ನೌಕರಿಲೇ ಇದ್ದೆ."

ಈ ಸಲ ಅವನ ಜನರೇ ಅವನನ್ನು ನೋಡಿ ನಕ್ಕರು.

"ಯಾರು ದೂರು ಕೊಟ್ಟೋರು? ಹೇಳಿ" ಎಂದ ಫಿಟ್ಜ್‌ರಾಯ್. ಅದನ್ನು ನಾವು ಹೇಳುವಂತಿಲ್ಲ. ಹೇಳುವಂತಿಲ್ಲ ಎಂದು ನಾನು ನಿಯಮ ವಿವರಿಸುತ್ತಿದ್ದೆ, ಅಷ್ಟರಲ್ಲಿ ಮೇಲಿಂದ ಒಂದು ದನಿ ಕೇಳಿತು.

"ನಾನೇ ಕಣೋ, ಫಿಟ್ಜ್‌ರಾಯ್. ಅವರನ್ನ ಯಾಕೆ ಗೋಳು ಹುಯ್ಕೊತೀಯ?"

ಅಂಗಳದ ನೇರ ಮೇಲೆ, ಗುಡ್ಡದ ಇಳಿಜಾರಿನಲ್ಲಿ ನೀಲಿ ಬಣ್ಣದ ಮರದ ಮನೆ. ಅದರ ಜಗಲಿಯ ಕಟಕಟೆಗೆ ಒರಗಿ ಒಬ್ಬ ಮುದುಕಿ ನಿಂತಿದ್ದಳು. ಹೆಸ್ಟರ್ ಲಾಫಾಂಟ್. ಇಡೀ ಓಣಿಗೆ ಟ್ಯಾಂಟಿ, ಅಂದರೆ ಚಿಕ್ಕಮ್ಮ. ಬೆಳಗಿನ ಜಾವಕ್ಕೇ ಎದ್ದು ತೆಂಗಿನಕಾಯಿ ಹಾಕಿದ ಸಿಹಿ ಬ್ರೆಡ್ಡು ಸುಟ್ಟು, ಸೂರ್ಯ ಹುಟ್ಟುವಷ್ಟರಲ್ಲಿ ಓಣಿಯ ಮನೆಮನೆಗೆ ಮುಟ್ಟಿಸುವವಳು. ಅವಳ ಬ್ರೆಡ್ಡು ತಿಂದೇ ಫಿಟ್ಜ್‌ರಾಯ್‌ಗೆ ಆ ಭುಜ ಬಂದಿದ್ದು ಎಂದು ಆಮೇಲೆ ಯಾರೋ ಹೇಳಿದರು.

ಫಿಟ್ಜ್‌ರಾಯ್ ಟೋಪಿ ತೆಗೆದ. "ಟ್ಯಾಂಟಿ, ನೀವಾ?"

"ನಾನೇ. ನೀವು ನಾಲ್ಕೂ ಜನ ಮೇಲೆ ಬನ್ನಿ. ಬಿಸಿಲಲ್ಲಿ ನಿಂತು ಜಗಳಾಡಬೇಡಿ."

ಮೆಟ್ಟಿಲು ಹತ್ತಿ ಮೇಲೆ ಹೋಗುವಷ್ಟರಲ್ಲಿ ಮೊದೆಸ್ತ್ ಅರ್ಧ ಕರಗಿದ್ದ. ಟ್ಯಾಂಟಿ ಹೆಸ್ಟರ್ ನಮಗೆ ತಣ್ಣನೆಯ ಮಾಬಿ ಕೊಟ್ಟಳು, ಮರದ ತೊಗಟೆ ಕುದಿಸಿ ಮಾಡುವ ಕಹಿ ಸಿಹಿ ಪಾನಕ. ಎದುರಿಗೆ ಕೂತು ಲೋಟ ಖಾಲಿಯಾಗುವವರೆಗೆ ಕಾದಳು.

"ನಿಮ್ಮ ಆಫೀಸಿಗೆ ಫೋನ್ ಮಾಡಿದ್ರೆ ಒಂದು ಯಂತ್ರ ಮಾತಾಡುತ್ತೆ. ಸದ್ದಿಗೆ ಒಂದು ಒತ್ತಿ ಅಂತು. ಒತ್ತಿದೆ. ಯಾರೂ ಬರಲಿಲ್ಲ."

ಅರ್ಸುಲಾ ನೆಲ ನೋಡಿದಳು. "ನನ್ನ ಜೀಪು ರಿಪೇರಿಲಿತ್ತು, ಟ್ಯಾಂಟಿ."

"ಇರಲಿ ಮಗಳೇ. ಆಮೇಲೆ ಯೋಚನೆ ಮಾಡಿದೆ, ಇವರು ಹೊಗೇನೂ ಎಬ್ಬಿಸ್ತಾರಲ್ಲ ಅಂತ. ಎರಡು ಒತ್ತಿದೆ. ನೀರಿಗೆ ಮೂರು, ಅದನ್ನೂ ಒತ್ತಿದೆ. ಕಸಕ್ಕೆ ನಾಲ್ಕು. ಐದು ಒತ್ತಿದ್ರೆ ಕಾಡುಪ್ರಾಣಿಯಂತೆ. ಮೊಸಳೆಗಿಸಳೆ ಕಳಿಸಿಬಿಟ್ಟಾರು ಅಂತ ಬಿಟ್ಟೆ."

ಔದ್ರಿ ಮಾಬಿ ಗಂಟಲಿಗೆ ಸಿಕ್ಕಿ ಕೆಮ್ಮಿದಳು.

"ಸುಳ್ಳು ದೂರಲ್ಲ ಟ್ಯಾಂಟಿ, ಹೊಗೆ ಇದೆ, ನಾನೇ ನೋಡಿದೆ" ಎಂದೆ.

"ಸುಳ್ಳು ಯಾಕೆ ಹೇಳಲಿ? ಆದರೆ ಹೊಗೆ ವರ್ಷಕ್ಕೆ ನಾಲ್ಕು ದಿನ. ನೀರು, ಕಸ ನಿಮ್ಮ ತಲೆನೋವು. ನನ್ನದು ಸದ್ದು. ನಾನು ಜಾವಕ್ಕೆ ಏಳಬೇಕು. ಇವರು ಮಧ್ಯರಾತ್ರಿವರೆಗೆ ಬಾರಿಸಿದ್ರೆ ನಾನು ಯಾವಾಗ ಮಲಗೋದು? ನಿಲ್ಲಿಸಿಬಿಡಿ ಅಂತ ನಾನು ಹೇಳ್ತಿಲ್ಲ. ಏನಾದ್ರೂ ಮಾಡಿ ಅಂತಿದೀನಿ. ಅದಕ್ಕೇ ಅಲ್ವಾ ನಿಮ್ಮನ್ನ ಇಟ್ಟಿರೋದು?"

ಆ ಸಂಜೆ ಅರ್ಸುಲಾ ತನ್ನ ಮಾಪಕವನ್ನು ಟ್ಯಾಂಟಿಯ ಮಲಗುವ ಕೋಣೆಯ ಕಿಟಕಿಯಲ್ಲಿಟ್ಟು ಅಳೆದಳು. ಕಾನೂನಿನ ಮಿತಿಯನ್ನು ಸದ್ದು ಎಲ್ಲಿಯೋ ಹಿಂದೆ ಬಿಟ್ಟು ಹೋಗಿತ್ತು.

ಮರುದಿನ ನಿರ್ದೇಶಕಿ ಮಿಸೆಸ್ ಗ್ರೆಲ್ ನಮ್ಮ ನಾಲ್ವರನ್ನೂ ಕರೆಸಿದರು. ಎತ್ತರದ ಹೆಂಗಸು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದರೆ ಕೋರ್ಟಿನ ವಕೀಲರೂ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ನಾವು ನಾಲ್ಕು ವಿಭಾಗಗಳವರು ಒಂದೇ ಮೇಜಿಗೆ ಕೂತದ್ದು, ನನಗೆ ನೆನಪಿರುವ ಮಟ್ಟಿಗೆ, ಅದೇ ಮೊದಲು.

"ನಾಲ್ಕು ಜನ ಒಂದೇ ಗೇಟಿಗೆ ಹೋಗಿದೀರಿ" ಎಂದರು. "ಈಗ ನಾಲ್ಕು ನೋಟೀಸು ಬರೀತೀರಿ. ಆ ಕ್ಯಾಪ್ಟನ್ ಏನ್ಮಾಡ್ತಾನೆ?"

"ಸ್ಪರ್ಧೆ ಬಿಡಬೇಕಾಗುತ್ತೆ, ಮೇಡಂ" ಎಂದಳು ಔದ್ರಿ.

"ಇಲ್ಲ. ನಾಲ್ಕನ್ನೂ ಸುರುಳಿ ಸುತ್ತಿ, ರಬ್ಬರ್ ಬದಲು ಪ್ಯಾನ್ ಕೋಲಿನ ತುದಿಗೆ ಕಟ್ಟಿಕೊಂಡು ಬಾರಿಸ್ತಾನೆ. ನಾವು ಕೋರ್ಟಿಗೆ ಹೋಗ್ತೀವಿ. ತೀರ್ಪು ಬರೋ ಹೊತ್ತಿಗೆ ಆ ಅಜ್ಜಿ ಇರ್ತಾರೋ ಇಲ್ವೋ. ಬೇರೆ ದಾರಿ ಹೇಳಿ."

ಅರ್ಸುಲಾ ಮೆಲ್ಲಗೆ ಹೇಳಿದಳು: "ಆ ಅಂಗಳ ಬಟ್ಟಲ ಥರ ಇದೆ ಮೇಡಂ. ಮೂರು ಕಡೆ ಗುಡ್ಡ. ಸದ್ದಿಗೆ ಹೋಗೋಕೆ ಬೇರೆ ದಾರಿಯಿಲ್ಲ, ನೇರ ಮೇಲೆ ಟ್ಯಾಂಟಿ ಮನೆಗೆ ಹೋಗುತ್ತೆ. ಅಲ್ಲೇ ಇದ್ದು ಏನ್ ಮಾಡಿದ್ರೂ ಪ್ರಯೋಜನ ಇಲ್ಲ. ಅವರಿಗೆ ಬೇರೆ ಜಾಗ ಬೇಕು. ಹತ್ತಿರದಲ್ಲೇ, ಆದ್ರೆ ಮಧ್ಯೆ ಒಂದು ಗುಡ್ಡ ಇರಬೇಕು."

"ಅಂಥ ಜಾಗ ಎಲ್ಲಿಂದ ತರೋದು?" ಎಂದೆ.

ಮೊದೆಸ್ತ್ ಕರ್ಚೀಫಿನಲ್ಲಿ ಕತ್ತು ಒರೆಸಿಕೊಳ್ಳುತ್ತಿದ್ದವನು ಕೈ ನಿಲ್ಲಿಸಿದ. "ಇಟ್ಟಿಗೆ ಕಾರ್ಖಾನೆ" ಎಂದ.

"ಯಾವ ಇಟ್ಟಿಗೆ ಕಾರ್ಖಾನೆ?"

"ಗುಡ್ಡದ ಆಚೆ ಮಗ್ಗುಲಲ್ಲಿ. ಮುಚ್ಚಿಹೋಗಿ ಎಷ್ಟೋ ವರ್ಷ ಆಯ್ತು, ಜಾಗ ಸರ್ಕಾರದ್ದು. ಜನ ಕಸ ಸುರೀತಿದ್ರು. ಹೋದ ವರ್ಷ ನಮ್ಮವರು ಒಂದು ತಿಂಗಳು ಕೂತು ಚೊಕ್ಕಟ ಮಾಡಿದ್ದು. ಈಗ ಖಾಲಿ ಬಿದ್ದಿದೆ."

"ಅಲ್ಲಿ ಗೂಡು ಇದೆಯಾ?" ಎಂದೆ, ಕುರ್ಚಿಯಲ್ಲಿ ಮುಂದಕ್ಕೆ ಸರಿದು. "ಚಿಮಣಿ?"

"ಇದೆ, ಗಟ್ಟಿಯಾಗಿದೆ."

"ಹಾಗಾದ್ರೆ ಪೀಪಾಯಿ ಅದರಲ್ಲೇ ಸುಡಬಹುದು. ಹೊಗೆ ಮೇಲೆ ಹೋಗುತ್ತೆ, ಯಾರ ಮನೆ ಕಿಟಕಿಗೂ ಬರಲ್ಲ."

"ಮಣ್ಣು ಕಲೆಸೋ ಸಿಮೆಂಟ್ ತೊಟ್ಟಿ ಇರಬೇಕಲ್ಲ?" ಔದ್ರಿ ಕೇಳಿದಳು.

"ಎರಡಿವೆ."

"ಎಣ್ಣೆ ನೀರು ಅದರಲ್ಲಿ ನಿಂತ್ರೆ ಮೇಲಿನ ಎಣ್ಣೆ ತೆಗೆದುಬಿಡಬಹುದು."

ಮಿಸೆಸ್ ಗ್ರೆಲ್ ಕನ್ನಡಕ ತೆಗೆದು ನಮ್ಮನ್ನು ಬರಿಗಣ್ಣಿನಲ್ಲಿ ನೋಡಿದರು. "ಇದನ್ನ ನೀವು ಲಿಫ್ಟಿನಲ್ಲಿ ಮಾತಾಡಬಹುದಿತ್ತು" ಎಂದರು. ಪರವಾನಗಿಯವರಿಗೆ, ವಕೀಲರಿಗೆ ಅಲ್ಲಿಂದಲೇ ಫೋನು ಹೋಯಿತು. ಎಲ್ಲಕ್ಕೂ ಮುಂದಾಳು ಅರ್ಸುಲಾ. "ಅತಿ ಚಿಕ್ಕ ವಿಭಾಗದವಳಿಗೆ ಯಾಕೆ ಅಂತ ಕೇಳಬೇಡಿ. ಆ ಜಾಗಕ್ಕೆ ಗುಡ್ಡ ಬೇಕು ಅಂತ ಹೇಳಿದವಳು ಅವಳೊಬ್ಬಳೇ" ಎಂದರು ಮಿಸೆಸ್ ಗ್ರೆಲ್.

ನಾವು ಗೆದ್ದ ಹುಮ್ಮಸ್ಸಿನಲ್ಲಿ ಕ್ಯಾಶ್ಯೂ ಲೇನಿಗೆ ಹೋದೆವು, ಈ ಸಲ ಒಂದೇ ಜೀಪಿನಲ್ಲಿ. ಫಿಟ್ಜ್‌ರಾಯ್ ಪೂರ್ತಿ ಕೇಳಿಸಿಕೊಂಡ. ಆಮೇಲೆ ಬ್ರೆಡ್‌ಫ್ರೂಟ್ ಮರಕ್ಕೆ ಬೆನ್ನು ಕೊಟ್ಟು ನಿಂತ.

"ಈ ಮರ ನಮ್ಮಮ್ಮ ನೆಟ್ಟಿದ್ದು. ಈ ತಗಡು ನಮ್ಮಪ್ಪ ಹೊದಿಸಿದ್ದು. ಹೊಳೆ ಆಚೆಯವರು ನಮ್ಮಪ್ಪನ ಕಾಲದಿಂದ ಪ್ರಯತ್ನಪಟ್ರೂ ನಮ್ಮನ್ನ ಇಲ್ಲಿಂದ ಅಲ್ಲಾಡಿಸೋಕಾಗಲಿಲ್ಲ. ನೀನು ಸರ್ಕಾರಿ ಜೀಪಲ್ಲಿ ಬಂದು ಎಬ್ಬಿಸ್ತೀಯಾ?"

"ಎಬ್ಬಿಸಲ್ಲ" ಎಂದಳು ಅರ್ಸುಲಾ. "ಒಂದು ಕೆಲಸ ಮಾಡಿ ಕ್ಯಾಪ್ಟನ್. ನಿಮ್ಮ ತಂಡ ಒಂದು ಸಲ ಪೂರ್ತಿ ಹಾಡು ಬಾರಿಸಲಿ. ಆದ್ರೆ ನೀವು ಇಲ್ಲಿ ನಿಲ್ಲಬೇಡಿ. ನನ್ನ ಜೊತೆ ಟ್ಯಾಂಟಿ ಜಗಲಿಗೆ ಬನ್ನಿ. ಕೇಳಿದ ಮೇಲೂ ಇಲ್ಲೇ ಇರ್ತೀನಿ ಅಂದ್ರೆ, ಇಲ್ಲೇ ಏನು ಮಾಡಬಹುದು ಅಂತ ನೋಡೋಣ."

"ನನ್ನ ತಂಡ ನನಗೆ ಗೊತ್ತಿಲ್ವಾ?"

"ಮೇಲಿಂದ ಕೇಳಿದೀರಾ?"

ಕೇಳಿರಲಿಲ್ಲ. ಹುಟ್ಟಿದಾಗಿನಿಂದ ಅದೇ ಓಣಿ, ಆದರೆ ತಂಡ ಬಾರಿಸುವಾಗ ಅವನು ಸದಾ ತಂಡದ ಮಧ್ಯೆ. ಸಹಾಯಕನಿಗೆ ಕೋಲು ಕೊಟ್ಟು, ಗೊಣಗುತ್ತ ಮೆಟ್ಟಿಲು ಹತ್ತಿದ. ನಾನೂ ಹಿಂದೆ ಹೋದೆ, ಇದನ್ನು ಬಿಟ್ಟಿರಲು ಮನಸ್ಸಾಗಲಿಲ್ಲ.

ಸಂಜೆ ಬೆಳಕು ಇನ್ನೂ ಇತ್ತು. ಟ್ಯಾಂಟಿ ಅವನನ್ನು ತನ್ನ ಬೆತ್ತದ ಕುರ್ಚಿಯಲ್ಲೇ ಕೂರಿಸಿದಳು. ಕೆಳಗೆ ಯಾರೋ ಕಬ್ಬಿಣಕ್ಕೆ ನಾಲ್ಕು ಪೆಟ್ಟು ಹಾಕಿ ತಾಳ ಕೊಟ್ಟರು, ತಂಡ ಶುರು ಮಾಡಿತು.

ಢಮ್. ಢಮ್ ಢಮ್. ಢಮ್.

ಮೇಜಿನ ಮೇಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಗಿಲಿಗಿಲಿ ಎಂದವು. ಗೋಡೆಗೆ ತೂಗಿದ್ದ ಯೇಸುವಿನ ಪಟ ಒಂದು ಮಗ್ಗುಲಿಗೆ ಜರುಗಿತು. ಟ್ಯಾಂಟಿ ಎದ್ದು ಅಭ್ಯಾಸಬಲದಿಂದ ಅದನ್ನು ನೇರ ಮಾಡಿ ಮತ್ತೆ ಕೂತಳು. ನನ್ನ ಹಲ್ಲಿನಲ್ಲೂ ಢಮ್ ಎನ್ನುತ್ತಿತ್ತು. ಫಿಟ್ಜ್‌ರಾಯ್ ಮುಂದಕ್ಕೆ ಬಾಗಿದ, ಒಂದು ಕಿವಿ ಆಚೆ ತಿರುಗಿಸಿದ, ಆಮೇಲೆ ಇನ್ನೊಂದು.

"ಟೆನರ್ ಎಲ್ಲಿ?" ಎಂದ.

"ಬಾರಿಸ್ತಿದಾರೆ" ಎಂದಳು ಅರ್ಸುಲಾ. "ಅಲ್ಲಿ ನೋಡಿ, ಹುಡುಗಿಯರ ಕೈ ಓಡ್ತಿದೆ."

"ಕೇಳಿಸ್ತಿಲ್ಲ. ನಡುವಿನ ಪ್ಯಾನೂ ಕೇಳಿಸ್ತಿಲ್ಲ. ಬರೀ ಬೇಸು."

"ಸಣ್ಣ ಸ್ವರ ತಗಡಿಗೆ, ಮರಕ್ಕೆ ಬಡಿದು ಅಲ್ಲೇ ಉಳಿದುಬಿಡುತ್ತೆ. ದಪ್ಪ ಸ್ವರ ಎಲ್ಲಾನೂ ಹತ್ತಿ ಇಳಿದು ಬರುತ್ತೆ, ಕ್ಯಾಪ್ಟನ್. ಇಲ್ಲಿಗೆ ಮುಟ್ಟೋದು ಅದೊಂದೇ."

ಹಾಡು ಮುಗಿಯಿತು. ಫಿಟ್ಜ್‌ರಾಯ್ ಟ್ಯಾಂಟಿಯ ಕಡೆ ನೋಡಿದ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ.

"ಟ್ಯಾಂಟಿ, ನಿಮಗೆ ಯಾವಾಗಲೂ ಇಷ್ಟೇ ಕೇಳ್ಸೋದಾ?"

"ಇಷ್ಟೇ. ನಿಮ್ಮಪ್ಪನ ಕಾಲದಿಂದ ಇಷ್ಟೇ. ಅದರಲ್ಲಿ ಹಾಡು ಅಂತ ಒಂದು ಇರುತ್ತಾ?"

ಅವನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಕಾನೂನಿನ ಮಿತಿ, ನೋಟೀಸು, ಕೋರ್ಟು ಯಾವುದಕ್ಕೂ ಬಗ್ಗದ ಮನುಷ್ಯ ಬೆತ್ತದ ಕುರ್ಚಿಯಲ್ಲಿ ಕುಗ್ಗಿ ಕೂತ. "ಇರುತ್ತೆ ಟ್ಯಾಂಟಿ" ಎಂದ. "ತುಂಬಾ ಚೆನ್ನಾಗಿರುತ್ತೆ. ದೇವರಾಣೆಗೂ."

"ಜನ ಹಾಗೇ ಹೇಳ್ತಾರಪ್ಪ" ಎಂದಳು ಟ್ಯಾಂಟಿ, ಯಾವ ಕುಹಕವೂ ಇಲ್ಲದೆ.

ಮೆಟ್ಟಿಲು ಇಳಿಯುವಾಗ ಫಿಟ್ಜ್‌ರಾಯ್ ಅರ್ಸುಲಾಳಿಗೆ, "ನಾಳೆ ಆ ಇಟ್ಟಿಗೆ ಜಾಗ ತೋರಿಸು. ಮರ ಇದೆಯೇನು ಅಲ್ಲಿ?" ಎಂದ.

"ಒಂದು ಮಾವಿನ ಮರ ಇದೆ. ಇನ್ನೊಂದು ಮಾತು. ಅಲ್ಲಿ ಹೋದ್ರೂ ಹತ್ತು ಗಂಟೆಗೆ ನಿಲ್ಲಿಸಬೇಕು."

"ಕೆಲವು ಹುಡುಗರು ಕೆಲಸ ಮುಗಿಸಿ ಬರೋದೇ ಎಂಟಕ್ಕೆ. ಹನ್ನೊಂದು ಮಾಡು."

"ಹತ್ತೂವರೆ. ಸ್ಪರ್ಧೆಯ ವಾರ ಮಾತ್ರ ಹನ್ನೊಂದು. ಅದಕ್ಕೆ ಬೇರೆ ಅನುಮತಿ ನಾನೇ ಮಾಡಿಸಿಕೊಡ್ತೀನಿ."

"ಕೋರಲ್ ಸ್ಟಾರ್ಸ್‌ಗೂ ಇದೇ ನಿಯಮಾನಾ?"

"ಅವರಿಗೆ ಹತ್ತಕ್ಕೇ ನಿಲ್ಲಿಸಿದೀನಿ. ಆ ತಂಡ ನಡೆಸೋ ನಮ್ಮ ದೊಡ್ಡಮ್ಮ ನನ್ನ ಹತ್ರ ಮಾತು ಬಿಟ್ಟಿದಾರೆ."

ಫಿಟ್ಜ್‌ರಾಯ್ ಆವತ್ತು ಮೊದಲ ಸಲ ಮನಸಾರೆ ನಕ್ಕ.

ಸ್ಥಳಾಂತರ ಭಾನುವಾರ ಎಂದಾಯಿತು. ಕ್ಯಾಶ್ಯೂ ಲೇನಿನ ತಿರುವುಗಳಲ್ಲಿ ಲಾರಿ ಬರುವುದಿಲ್ಲ. ಪ್ಯಾನಿನ ಚೌಕಟ್ಟುಗಳಿಗೆ ಗಾಲಿ ಇರುವುದೇ ತಳ್ಳುವುದಕ್ಕೆ. ಕಾರ್ನಿವಲ್ ದಿನ ಜನ ಅವನ್ನು ತಳ್ಳಿಕೊಂಡೇ ಬೀದಿ ಸುತ್ತುತ್ತಾರೆ. ಹಾಗಾಗಿ ಕಾರ್ನಿವಲ್ಲಿಗೆ ಮೊದಲೇ ಒಂದು ಸಲ ತಳ್ಳೋಣ ಎಂದು ಓಣಿಯ ಜನವೆಲ್ಲ ಚರ್ಚು ಮುಗಿಸಿ ಬಂದರು. ನಮ್ಮ ಸಂಸ್ಥೆಯಿಂದ ನಾವು ನಾಲ್ವರು ಮಾತ್ರ ಎಂದುಕೊಂಡಿದ್ದೆ. ನೋಡಿದರೆ ಪರವಾನಗಿಯವರು ಬಂದಿದ್ದರು, ವಕೀಲರು ಹೆಂಡತಿ ಮಕ್ಕಳ ಸಮೇತ ಬಂದಿದ್ದರು, ಮಿಸೆಸ್ ಗ್ರೆಲ್ ಹಳದಿ ಬಣ್ಣದ ಓಟದ ಬೂಟು ಹಾಕಿಕೊಂಡು ಬಂದಿದ್ದರು. ಕಾಡುಪ್ರಾಣಿ ವಿಭಾಗದವರೂ ಬಂದು, "ನಮ್ಮ ಮೇಲೆ ಒಂದು ದೂರೂ ಇಲ್ಲ, ಆದ್ರೂ ತಳ್ತೀವಿ" ಎಂದರು.

ನನಗೂ ಮೊದೆಸ್ತ್‌ಗೂ ಬೇಸಿನ ಚೌಕಟ್ಟು ಸಿಕ್ಕಿತು, ಕತ್ತರಿಸದ ಇಡೀ ಪೀಪಾಯಿಗಳು. ಏರಿನಲ್ಲಿ ತಳ್ಳುವುದೆಂದರೆ ಆನೆಯನ್ನು ಬಾವಿಯಿಂದ ಎತ್ತಿದ ಹಾಗೆ.

"ಖಾಲಿ ಪೀಪಾಯಿ ಅಂತ ದೂರು ಬಂದಿತ್ತಲ್ಲ, ಖಾಲಿ ಅಲ್ಲ ಕಣಯ್ಯ ಇವು" ಎಂದು ಮೊದೆಸ್ತ್ ಏದುಸಿರು ಬಿಟ್ಟ.

"ಮಾತಾಡಬೇಡ, ತಳ್ಳು" ಎಂದರು ಹಿಂದಿನಿಂದ ಮಿಸೆಸ್ ಗ್ರೆಲ್. ಅವರೂ ನಮ್ಮದೇ ಚೌಕಟ್ಟಿಗೆ ಭುಜ ಕೊಟ್ಟಿದ್ದರು.

ಮೊದಲು ಸುಮ್ಮನೆ ತಳ್ಳುವುದೆಂದೇ ಇತ್ತು. ಆದರೆ ಮೊದಲ ತಿರುವಿನಲ್ಲೇ ಒಬ್ಬ ಹುಡುಗಿಗೆ ಕೈ ತಡೆಯಲಿಲ್ಲ, ಟೆನರಿನ ಮೇಲೆ ಒಂದು ಸಾಲು ಹರಿಸಿದಳು. ಪಕ್ಕದವಳು ಉತ್ತರ ಕೊಟ್ಟಳು. ಫಿಟ್ಜ್‌ರಾಯ್ ಮುಂದೆ ನಡೆಯುತ್ತಿದ್ದವನು ಹಿಂದಕ್ಕೆ ತಿರುಗಿ ಅರ್ಸುಲಾಳನ್ನು ನೋಡಿದ. ಅವಳು ಮಾಪಕವನ್ನು ಚೀಲದೊಳಕ್ಕೆ ಹಾಕಿ ಜಿಪ್ ಎಳೆದಳು. ಅಷ್ಟು ಸಾಕಿತ್ತು. ಇಡೀ ತಂಡ ನಡೆಯುತ್ತಲೇ ಬಾರಿಸತೊಡಗಿತು, ನಾವು ತಾಳಕ್ಕೆ ತಳ್ಳತೊಡಗಿದೆವು, ಭಾರ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಓಣಿ ಸುತ್ತಿಕೊಂಡು ಗುಡ್ಡ ಹತ್ತುವ ರಸ್ತೆ ಟ್ಯಾಂಟಿ ಹೆಸ್ಟರಳ ಮನೆ ಮುಂದೆಯೇ ಹಾದುಹೋಗುತ್ತದೆ. ಅವಳು ಮನೆ ಚಪ್ಪಲಿಯಲ್ಲೇ ಗೇಟಿಗೆ ಬಂದು ನಿಂತಿದ್ದಳು. ಫಿಟ್ಜ್‌ರಾಯ್ ಕೈ ಎತ್ತಿದ. ಚೌಕಟ್ಟುಗಳೆಲ್ಲ ಗಕ್ಕನೆ ನಿಂತವು, ನಾವು ಗಾಲಿಗಳಿಗೆ ಕಲ್ಲು ಕೊಟ್ಟೆವು. ಟೆನರುಗಳನ್ನು ಅವಳ ಮುಂದೆಯೇ, ಕೈಗೆ ಎಟುಕುವಷ್ಟು ಹತ್ತಿರಕ್ಕೆ ತಂದು ನಿಲ್ಲಿಸಿದ.

"ಟ್ಯಾಂಟಿ, ಈಗ ಕೇಳಿ" ಎಂದ.

ತಂಡ ಮೊದಲಿನಿಂದ ಬಾರಿಸಿತು. ಸ್ಪರ್ಧೆಗೆಂದು ಕಲಿತ ಹಾಡು. ಮೊದಲು ಟೆನರು, ಮಳೆ ಹನಿ ತಗಡಿನ ಮೇಲೆ ಬಿದ್ದ ಹಾಗೆ ತೆಳ್ಳಗೆ, ಆಮೇಲೆ ನಡುವಿನ ಪ್ಯಾನುಗಳು ಅದನ್ನು ಎತ್ತಿಕೊಂಡವು, ಕೊನೆಗೆ ನಮ್ಮ ಬೆನ್ನ ಹಿಂದಿನಿಂದ ಬೇಸು ಬಂದು ಎಲ್ಲದಕ್ಕೂ ನೆಲ ಹಾಸಿತು. ಟ್ಯಾಂಟಿ ಗೇಟಿನ ಸರಳು ಹಿಡಿದು ಕೇಳಿದಳು. ಅವಳ ಮುಖದಲ್ಲಿ ಏನು ನಡೆಯುತ್ತಿದೆ ಎಂದು ನಾವೆಲ್ಲ ನೋಡುತ್ತಿದ್ದೆವು. ಬೆರಳುಗಳು ಸರಳಿನ ಮೇಲೆ ತಟ್ಟತೊಡಗಿದವು. ಎಲ್ಲರಿಗಿಂತ ಹೆಚ್ಚು ಬೆವರುತ್ತಿದ್ದವನು ಮೊದೆಸ್ತ್ ಅಲ್ಲ, ಫಿಟ್ಜ್‌ರಾಯ್.

ಮುಗಿದ ಮೇಲೆ ಅವಳು ಹೇಳಿದಳು: "ಇದು ನನಗೆ ಗೊತ್ತು ಕಣೋ. ಇದನ್ನ ರೇಡಿಯೋಲಿ ಹಾಕ್ತಾರೆ. ನಾನು ಹಿಟ್ಟು ನಾದುವಾಗ ಹಾಡ್ಕೋತೀನಿ." ಸ್ವಲ್ಪ ತಡೆದು, "ಇಷ್ಟು ದಿನ ನನ್ನ ತಲೆ ಮೇಲೆ ಇದನ್ನೇ ಬಡೀತಿದ್ರಾ?"

"ಇದನ್ನೇ, ಟ್ಯಾಂಟಿ."

"ಮಧ್ಯದಲ್ಲಿ ಸ್ವಲ್ಪ ಅವಸರ ಮಾಡ್ತೀರಿ. ಹಿಟ್ಟು ನಾದೋ ಕೈಗೆ ಗೊತ್ತಾಗುತ್ತೆ."

ಟೆನರಿನ ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಫಿಟ್ಜ್‌ರಾಯ್ ಹೊಟ್ಟೆ ಹಿಡಿದು ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ. "ಅದನ್ನೇ ನಾನು ಎರಡು ವಾರದಿಂದ ಹೇಳ್ತಿದೀನಿ ಇವರಿಗೆ."

ಟ್ಯಾಂಟಿ ಗೇಟು ತೆರೆದು ಹೊರಗೆ ಬಂದಳು. ಹತ್ತಿರದ ಚೌಕಟ್ಟಿನ ಮೇಲೆ ಕೈಯಿಟ್ಟಳು, ತಳ್ಳುವುದಕ್ಕಲ್ಲ, ಹಿಡಿದುಕೊಳ್ಳುವುದಕ್ಕೆ. "ನಡೀರಿ" ಎಂದಳು. "ನಾನು ಮೂಲೆವರೆಗೆ ಬರ್ತೀನಿ."

ಮೂಲೆಗೆ ಬಂದಳು. ಅಲ್ಲಿ ನಿಲ್ಲಲಿಲ್ಲ. ಇಟ್ಟಿಗೆ ಕಾರ್ಖಾನೆಯವರೆಗೂ ಬಂದಳು. ಮನೆ ಚಪ್ಪಲಿ ಧೂಳಾಯಿತು ಎಂದು ದಾರಿಯುದ್ದಕ್ಕೂ ಬೈದುಕೊಂಡಳು, ಯಾರಾದರೂ ಹಿಂದಕ್ಕೆ ಕರೆದುಕೊಂಡು ಹೋಗುತ್ತೇನೆಂದರೆ ಅವರನ್ನೂ ಬೈದಳು.

ಹೊಸ ಜಾಗದಲ್ಲಿ ಮಾವಿನ ಮರದಡಿ ಹಂಡೆಗಟ್ಟಲೆ ಪೆಲಾವ್ ಬೇಯುತ್ತಿತ್ತು, ಕೋಳಿ, ತೊಗರಿಕಾಳು, ಅನ್ನ ಎಲ್ಲ ಕಂದುಬಣ್ಣಕ್ಕೆ ತಿರುಗಿ. ಔದ್ರಿ ತೊಟ್ಟಿ ನೋಡಲು ಹೋದವಳು ತಟ್ಟೆ ಹಿಡಿದುಕೊಂಡೇ ಹಿಂದೆ ಬಂದಳು. ನಾನು ಚಿಮಣಿಯೊಳಗೆ ತಲೆ ಹಾಕಿ ಮಸಿ ಬಳಿದುಕೊಂಡು ಬಂದೆ. ಮಿಸೆಸ್ ಗ್ರೆಲ್ ಬೂಟು ಬಿಚ್ಚಿ ಪಾದ ಒತ್ತಿಕೊಳ್ಳುತ್ತಾ, ಇನ್ನು ಮುಂದೆ ದೂರುಗಳೆಲ್ಲ ಮೊದಲು ಒಂದೇ ಮೇಜಿಗೆ ಬರಲಿ, ಫೋನಿಗೆ ಯಂತ್ರವಲ್ಲ ಮನುಷ್ಯರು ಕೂರಲಿ ಎಂದು ಅಲ್ಲೇ ತೀರ್ಮಾನ ಮಾಡಿದರು. ವಕೀಲರು ಬಾಯಿ ತುಂಬ ಪೆಲಾವ್ ಇಟ್ಟುಕೊಂಡು ತಲೆಯಾಡಿಸಿದರು. ಅದು ಸೋಮವಾರದಿಂದಲೇ ಜಾರಿಗೆ ಬಂತು. ಆ ಮೇಜಿಗೆ ನಾವು ಸರದಿಯಲ್ಲಿ ಕೂರುತ್ತೇವೆ.

ಊಟವಾದ ಮೇಲೆ ತಂಡ ಮತ್ತೆ ಶುರು ಮಾಡಿತು. ಗುಡ್ಡದ ಬೆನ್ನು ಇತ್ತ, ಮನೆಗಳೆಲ್ಲ ಅತ್ತ. ಸದ್ದು ಸಮುದ್ರದ ಕಡೆ ತೆರೆದುಕೊಂಡು ಹೋಯಿತು. ಅರ್ಸುಲಾ ಜೀಪು ಹತ್ತಿ ಟ್ಯಾಂಟಿಯ ಖಾಲಿ ಮನೆಗೆ ಹೋಗಿ ಕಿಟಕಿಯಲ್ಲಿ ಅಳೆದು ಬಂದಳು. "ಪಕ್ಕದ ಮನೆ ಕೋಳಿ ಇದಕ್ಕಿಂತ ಜೋರಾಗಿದೆ" ಎಂದಳು. ಅದನ್ನು ಹೇಳಲು ಟ್ಯಾಂಟಿಯನ್ನು ಹುಡುಕಿದರೆ, ಅವಳು ಬೇಸಿನ ಪೀಪಾಯಿಗಳ ಪಕ್ಕದಲ್ಲೇ ಯಾರೋ ಹಾಕಿಕೊಟ್ಟ ಕುರ್ಚಿಯಲ್ಲಿ, ಮಡಿಲಲ್ಲಿ ಕೈಯಿಟ್ಟುಕೊಂಡು, ಬಾಯಿ ಸ್ವಲ್ಪ ತೆರೆದು ಗಾಢವಾಗಿ ನಿದ್ದೆ ಹೋಗಿದ್ದಳು. ತಂಡದವರು ನಿಲ್ಲಿಸಲೇ ಎಂದು ಕಣ್ಣಲ್ಲೇ ಕೇಳಿದರು. ಬೇಡ, ಬಾರಿಸಿ ಎಂದು ಫಿಟ್ಜ್‌ರಾಯ್ ಕೈ ಮಾಡಿದ.

ಆ ವರ್ಷ ಸವಾನಾ ಮೈದಾನದ ಸ್ಪರ್ಧೆಯಲ್ಲಿ ಕ್ಯಾಶ್ಯೂ ಲೇನಿಗೆ ನಾಲ್ಕನೆಯ ಸ್ಥಾನ, ಕೋರಲ್ ಸ್ಟಾರ್ಸ್‌ಗೆ ಐದನೆಯದು. ನಾಲ್ಕನೆಯ ಸ್ಥಾನಕ್ಕೆ ಯಾರೂ ಅಷ್ಟು ಕುಣಿದದ್ದನ್ನು ನಾನು ಕಂಡಿಲ್ಲ. ಫಲಿತಾಂಶ ಕೇಳುತ್ತಲೇ ಫಿಟ್ಜ್‌ರಾಯ್ ಜನರನ್ನು ಸೀಳಿಕೊಂಡು ಅರ್ಸುಲಾಳ ಹತ್ತಿರ ಬಂದು, ಕಡಲೆ ಪಲ್ಯ ತುಂಬಿದ ಬಿಸಿ ಡಬಲ್ಸ್ ರೊಟ್ಟಿಯೊಂದನ್ನು ಅವಳ ಕೈಗಿಟ್ಟ.

"ತಿನ್ನು ಮಗಳೇ. ನಿಮ್ಮ ದೊಡ್ಡಮ್ಮನಿಗೂ ಒಂದು ಕಟ್ಟಿಸಿದೀನಿ. ಈಗಂತೂ ಅವರು ನಿನ್ನ ಹತ್ರ ಇನ್ನೊಂದು ವರ್ಷ ಮಾತಾಡಲ್ಲ."

ಅವಳು ಒಂದು ತುತ್ತು ಕಚ್ಚಿದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಆದರೂ ನಗುತ್ತಲೇ ಇದ್ದಳು. "ಪರವಾಗಿಲ್ಲ ಕ್ಯಾಪ್ಟನ್, ಮನೇಲಿ ಸ್ವಲ್ಪ ಸದ್ದು ಕಡಿಮೆಯಾಗುತ್ತೆ" ಎಂದಳು.